ಸ್ಪೇನಿನ ಮನೆಗೆ ನಾನು ಹೇಳಿದ ಆಯ

ಸ್ಪೇನಿನಲ್ಲೂ ಬೂತಾಯಿ ಮೀನು ಸಿಗುತ್ತದೆ ಎಂಬುದು ನನಗೆ ಗೊತ್ತಾದದ್ದು ಅಬುಧಾಬಿಯ ಖಲೀಫಾ ಸಿಟಿಯಲ್ಲಿ, ಒಂದು ಶುಕ್ರವಾರ ಮಧ್ಯಾಹ್ನ, ಹೆಂಡತಿ ಮಗಳೊಂದಿಗೆ ಗೆಳೆಯನ ಮನೆಯಲ್ಲಿ ಊಟಕ್ಕೆ ಕೂತಿದ್ದಾಗ. ಬಟ್ಟಲಲ್ಲಿ ಕುಚ್ಚಲಕ್ಕಿ ಅನ್ನವೂ ಬಂಗುಡೆ ಪುಳಿಮುಂಚಿಯೂ ಇದ್ದವು, ನನ್ನ ಬಲಗೈ ಅದರೊಳಗಿತ್ತು. ಗೆಳೆಯನ ಹೆಂಡತಿ ನನ್ನ ಎಡಗೈಗೆ ಫೋನು ಹಿಡಿಸಿ, "ಅಣ್ಣ, ಇದನ್ನೊಂದು ನೋಡಿ" ಅಂದಳು.

ಸಣ್ಣದೊಂದು ಬಂದರು. ಬಣ್ಣ ಎದ್ದುಹೋದ ದೋಣಿಗಳು. ಹಳದಿ ಗೋಡೆ, ಹಸಿರು ಕಿಟಕಿಯ ಮನೆಗಳ ಸಾಲು. ಮೇಲಿನ ಮಹಡಿಗಳಲ್ಲಿ ಯಾರದೋ ಬನಿಯನು, ಬೆಡ್‌ಶೀಟು ಒಣಗುತ್ತಿದ್ದವು. ಕಟ್ಟೆಯ ಮೇಲೆ ಇಬ್ಬರು ಮುದುಕರು ಕಾಲು ಚಾಚಿ ಕೂತು ಹರಿದ ಬಲೆ ಹೆಣೆಯುತ್ತಿದ್ದರು, ಒಬ್ಬನ ಹೆಬ್ಬೆರಳಿಗೆ ದಾರ ಸುತ್ತಿತ್ತು.

"ಮಲ್ಪೆಯಾ?" ಅಂದೆ.

"ನೋಡಿದ್ರಾ! ಎಲ್ರೂ ಹಾಗೇ ಕೇಳ್ತಾರೆ. ಸ್ಪೇನ್ ಅಣ್ಣ, ಸ್ಪೇನ್! ಅಲ್ಲಿ ಬೂತಾಯಿ ಸಹ ಸಿಗ್ತದೆ. ಮೀನಿನ ಹೆಂಗಸು ತೂಕ ಮಾಡಿ ಆದ್ಮೇಲೆ ಎರಡು ಜಾಸ್ತಿ ಹಾಕಿದ್ಲು ನಂಗೆ."

ಅಷ್ಟು ಹೊತ್ತು ಮೀನಿನ ಮುಳ್ಳು ಬಿಡಿಸುತ್ತಿದ್ದ ಗೆಳೆಯ ತಲೆಯೆತ್ತದೆ ಹೇಳಿದ: "ಅಲ್ಲೊಂದು ಫ್ಲಾಟ್ ನೋಡಿದ್ದೇವೆ ಮಾರಾಯ. ತಕೊಳ್ಳುವ ಅಂತ."

ಬಾಯಿಯಲ್ಲಿದ್ದ ತುತ್ತನ್ನು ನುಂಗಿ, ನಗು ತಂದುಕೊಂಡು, "ಭಾರೀ ಒಳ್ಳೇದಾಯ್ತು" ಅಂದೆ. ಎದೆಗೂ ಹೊಟ್ಟೆಗೂ ನಡುವೆ ಎಲ್ಲೋ ಒಂದು ಕಡೆ ಚುರ್ ಅಂದಿತು. ಪುಳಿಮುಂಚಿಯ ಖಾರ ಎಂದು ನನಗೆ ನಾನೇ ಹೇಳಿಕೊಂಡೆ.

ಗೆಳೆಯ ಸಮುದ್ರದ ನೀರು ಸಿಹಿ ಮಾಡುವ ಸ್ಥಾವರಗಳ ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್. ಅವನ ಮ್ಯಾನೇಜರು ಸ್ಪೇನಿನವನು, ಆ ಬಂದರಿನ ಊರಿನವನೇ. ಹಿಂದಿನ ಬೇಸಿಗೆಯಲ್ಲಿ ಅವನ ಒತ್ತಾಯಕ್ಕೆ ಗಂಡ ಹೆಂಡತಿ ಹತ್ತು ದಿನ ಅಲ್ಲಿಗೆ ಹೋಗಿಬಂದಿದ್ದರು. ಪ್ರವಾಸಿಗಳು ಹೋಗುವ ಊರಲ್ಲವಂತೆ ಅದು. ದೊಡ್ಡ ಹೋಟೆಲಿಲ್ಲ, ಬೀಚಿನಲ್ಲಿ ಕೊಡೆಗಳಿಲ್ಲ. ಮಧ್ಯಾಹ್ನ ದೋಣಿಗಳು ಬಂದು ಮೀನು ಏಲಂ ಆಗುತ್ತದೆ, ಸಂಜೆ ಹೆಂಗಸರು ಪ್ಲಾಸ್ಟಿಕ್ ಕುರ್ಚಿಗಳನ್ನು ಓಣಿಗೆ ತಂದು ಹಾಕಿಕೊಂಡು ಊರ ಮೇಲಿನ ಮಾತಾಡುತ್ತಾರೆ. ಆ ಹೊತ್ತಿಗೆ ಸ್ಪೇನಿನಲ್ಲಿ ಮನೆಗಳ ಬೆಲೆ ಬಿದ್ದುಹೋಗಿತ್ತು. ನಮ್ಮವರು ಮಂಗಳೂರಿನಲ್ಲಿ ಫ್ಲಾಟು ಕೊಳ್ಳುವ ಹಣದಲ್ಲೇ ಅಲ್ಲಿ ಸಮುದ್ರದ ಎದುರು ಮನೆ ಬರುತ್ತಿತ್ತು.

ಅವನ ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ಅವಳು ಹೇಳಿದ್ದು ಒಂದು ಕಿಟಕಿಯ ಬಗ್ಗೆ ಮಾತ್ರ. "ಮೂರನೇ ಮಾಳಿಗೆ ಅಣ್ಣ. ಅಡುಗೆಮನೆ ಕಿಟಕಿ ತೆಗೆದ್ರೆ ಕೆಳಗೆ ಬಂದರು. ಈರುಳ್ಳಿ ಹೆಚ್ಚುತ್ತಾ ದೋಣಿ ಲೆಕ್ಕ ಮಾಡ್ಬಹುದು." ಆ ಮಾತಿನ ಬೆಲೆ ತಿಳಿಯಬೇಕಾದರೆ ಅವರ ಖಲೀಫಾ ಸಿಟಿಯ ಮನೆ ನೋಡಿರಬೇಕು. ದೊಡ್ಡದೊಂದು ವಿಲ್ಲಾವನ್ನು ಗೋಡೆ ಹಾಕಿ ಆರು ಪಾಲು ಮಾಡಿದ್ದರಲ್ಲಿ ಇವರದು ಹಿಂದಿನ ಪಾಲು. ಅಡುಗೆಮನೆಯ ಕಿಟಕಿ ತೆಗೆದರೆ ಮೊಳದೂರದಲ್ಲಿ ಪಕ್ಕದವರ ಏಸಿಯ ಬಿಸಿಗಾಳಿ. ಹದಿಮೂರು ವರ್ಷ ಆ ಕಿಟಕಿ ಮುಚ್ಚಿಯೇ ಇತ್ತು. ಅದರ ಗಾಜಿಗೆ ಅವಳು ಒಂದು ಕ್ಯಾಲೆಂಡರು ತೂಗುಹಾಕಿದ್ದಳು.

ನಾನೂ ಅವನೂ ಈ ದೇಶಕ್ಕೆ ಬಂದದ್ದು ಒಂದೇ ವರ್ಷ. ದುಬೈಯ ನೈಫಿನಲ್ಲಿ, ಭಟ್ಕಳದವರೊಬ್ಬರ ಹಗ್ಗ-ಟಾರ್ಪಾಲಿನ ಅಂಗಡಿಯ ಮೇಲಿನ ಕೋಣೆಯಲ್ಲಿ ಎಂಟು ಜನ ಮಲಗುತ್ತಿದ್ದೆವು. ಅವನದು ಮೇಲಿನ ಮಂಚ, ನನ್ನದು ಕೆಳಗಿನದು. ಅಲ್ಲಿಂದ ಅವನು ಅಬುಧಾಬಿಗೆ ಹೋದ, ನಾನು ಮುಹೈಸ್ನಾಕ್ಕೆ. ಸೋನಾಪುರ ಎಂದರೆ ಎಲ್ಲರಿಗೂ ತಿಳಿಯುತ್ತದೆ, ಕೂಲಿಯಾಳುಗಳ ಕ್ಯಾಂಪುಗಳಿರುವ ಜಾಗ. ಅಲ್ಲಿ ನಾನು ಕ್ಯಾಂಪ್ ಬಾಸ್. ಹೆಸರಿಗೆ ಬಾಸ್, ಕೆಲಸವೆಂದರೆ ಯಾರಿಗೆ ಯಾವ ಕೋಣೆ, ಮೇಲಿನ ಮಂಚವೋ ಕೆಳಗಿನದೋ ಎಂದು ಹಂಚುವುದು, ನೀರಿನ ಟ್ಯಾಂಕರು ಬಂತೋ ಇಲ್ಲವೋ ನೋಡುವುದು, ಜಗಳ ಬಿಡಿಸುವುದು. ಸಾವಿರ ಜನಕ್ಕೆ ಮಲಗಲು ಜಾಗ ಕೊಡುವವನು ನಾನು.

ನನ್ನದೂ ಒಂದು ಮನೆ ಇತ್ತು. ಉಡುಪಿಯ ಹೊರಗೆ ಐದನೇ ಮಾಳಿಗೆಯಲ್ಲಿ. ಸಮುದ್ರ ಕಾಣುತ್ತದೆ ಎಂದು ಬಿಲ್ಡರು ಹೇಳಿದ್ದ. ಕಾಣುತ್ತದೆ, ಅವನು ಸುಳ್ಳು ಹೇಳಲಿಲ್ಲ. ಬಚ್ಚಲಿನಲ್ಲಿ ಬಾಲ್ದಿ ಕವುಚಿ ಹಾಕಿ, ಅದರ ಮೇಲೆ ಹತ್ತಿ, ಗಾಳಿಕಿಂಡಿಯಿಂದ ಕತ್ತು ಚಾಚಿದರೆ, ಎರಡು ಕಟ್ಟಡಗಳ ನಡುವೆ ಬೆರಳಗಲದ ನೀಲಿ. ಗೆಳೆಯ ಅದನ್ನು ನೋಡಲು ಬಂದಾಗ ನಾನೇ ಅವನನ್ನು ಬಾಲ್ದಿ ಹತ್ತಿಸಿದ್ದೆ. "ಭಾರೀ ಲಾಯ್ಕುಂಟು" ಅಂದಿದ್ದ ಪಾಪ, ಕತ್ತು ಹಿಡಿದುಕೊಂಡು ಇಳಿಯುತ್ತ.

ಆ ಶುಕ್ರವಾರ ದುಬೈಗೆ ವಾಪಸು ಬರುವಾಗ ಕಾರಿನಲ್ಲಿ ನಾನೇ ಮಾತು ಶುರುಮಾಡಿದೆ. "ಅಲ್ಲ, ಭಾಷೆ ಗೊತ್ತಿಲ್ಲ, ಜನ ಗೊತ್ತಿಲ್ಲ. ನಾಳೆ ಜ್ವರ ಬಂದ್ರೆ ಗಂಜಿ ಯಾರು ಕೊಡ್ತಾರೆ?"

"ಅವಳು ನರ್ಸಲ್ವಾ ಮಾರಾಯ್ರೆ" ಅಂದಳು ನನ್ನ ಹೆಂಡತಿ.

"ಚಳಿ ಉಂಟಂತೆ ಅಲ್ಲಿ."

"ಸ್ವೆಟರ್ ಹಾಕ್ತಾರೆ."

"ಹಳೇ ಕಟ್ಟಡ. ಲಿಫ್ಟೇ ಇಲ್ಲ."

ಹಿಂದಿನ ಸೀಟಿನಿಂದ ಮಗಳು, ಹದಿಮೂರು ತುಂಬಿದವಳು, ಫೋನಿನಿಂದ ಕಣ್ಣು ಎತ್ತದೆ ಹೇಳಿದಳು: "ಅಪ್ಪಾ, ಯು ಆರ್ ಸೋ ಜೆಲಸ್."

"ಎಂತ ಜೆಲಸ್? ನಾನು ಅವರ ಒಳ್ಳೇದಕ್ಕೆ ಹೇಳೋದು."

"ಸ್ಪೀಡ್ ಕಡಿಮೆ ಮಾಡಿ ಒಳ್ಳೇದಕ್ಕೆ," ಅಂದಳು ಹೆಂಡತಿ, "ಕ್ಯಾಮೆರಾ ಉಂಟು ಮುಂದೆ."

ಮರುದಿನ ಕ್ಯಾಂಪಿನ ಆಫೀಸಿನಲ್ಲಿ ಕಂಪ್ಯೂಟರು ಹಚ್ಚಿ ಆ ಊರನ್ನು ಹುಡುಕಿದೆ. ಮನೆ ಮನೆಯ ಎದುರು ನಡೆದುಹೋಗುವ ಹಾಗೆ ಬೀದಿಗಳ ಚಿತ್ರ ತೋರಿಸುವ ಸೌಕರ್ಯ ಆಗಲೇ ಬಂದಿತ್ತಲ್ಲ, ಅದರಲ್ಲಿ ನಾನು ಆ ಓಣಿಯಲ್ಲಿ ಮೇಲಿನಿಂದ ಕೆಳಗಿನ ತನಕ ನಡೆದೆ. ಏನಾದರೂ ಒಂದು ಕೊರತೆ ಸಿಕ್ಕಬೇಕಿತ್ತು ನನಗೆ. ಕಸದ ರಾಶಿ, ತೆರೆದ ಚರಂಡಿ, ಕುಡಿದು ಬಿದ್ದವನು, ಏನಾದರೂ. ಸಿಕ್ಕಿದ್ದು ಬ್ರೆಡ್ಡು ಕಂಕುಳಲ್ಲಿ ಇಟ್ಟುಕೊಂಡು ಹೋಗುವ ಒಬ್ಬ ಮುದುಕ, ಅವನ ಹಿಂದೆ ಒಂದು ಕುಂಟುನಾಯಿ. ಮುದುಕನ ಮುಖ ಮಸುಕು ಮಾಡಿದ್ದರು. ಆದರೂ ಅವನು ನಡೆಯುವ ರೀತಿಯಲ್ಲೇ ಗೊತ್ತಾಗುತ್ತಿತ್ತು, ಅವನಿಗೆ ಎಲ್ಲಿಗೂ ಅವಸರವಿಲ್ಲ, ಅವನ ವೀಸಾ ಯಾವತ್ತೂ ಮುಗಿಯುವುದಿಲ್ಲ. ಮೂರನೇ ಮಾಳಿಗೆಯ ಹಸಿರು ಕಿಟಕಿ ಅರ್ಧ ತೆರೆದಿತ್ತು. ಅದರ ಕೆಳಗೆ ಬಹಳ ಹೊತ್ತು ನಿಂತೆ, ಟ್ಯಾಂಕರಿನವನು ಬಂದು ಸಹಿಗೆ ಪುಸ್ತಕ ಚಾಚುವವರೆಗೆ.

ಅವತ್ತು ಸಂಜೆಯೇ ಗೆಳೆಯನ ಫೋನು. "ಪ್ಲ್ಯಾನ್ ಕಳಿಸಿದ್ದೇನೆ. ಆಯ ನೋಡಿ ಹೇಳು ಮಾರಾಯ. ಗುರುವಾರದ ಒಳಗೆ ಅಡ್ವಾನ್ಸ್ ಕೊಡ್ಬೇಕು. ಮನೆ ಒಬ್ಬಳು ಅಜ್ಜಿದು, ಮಗಳ ಊರಿಗೆ ಹೋಗ್ತಾಳಂತೆ. ಬೇರೆ ಗಿರಾಕಿಯೂ ಉಂಟು. ಇವಳು ಹೇಳ್ತಾಳೆ, ಆಯ ನೋಡದೆ ಸಹಿ ಹಾಕುದು ಬೇಡ ಅಂತ."

ಆಯ ಎಂದರೇನು ಎಂದು ಇಲ್ಲಿ ಹೇಳಿಬಿಡಬೇಕು. ನಮ್ಮ ಕಡೆ ಮನೆಯ ಸುತ್ತಳತೆಯನ್ನು ಕೋಲು, ಅಂಗುಲದಲ್ಲಿ ಅಳೆದು, ಮೂರರಿಂದ ಗುಣಿಸಿ, ಎಂಟರಿಂದ ಭಾಗಿಸುತ್ತಾರೆ. ಉಳಿದ ಶೇಷವೇ ಆಯ. ಒಂದು ಉಳಿದರೆ ಧ್ವಜಾಯ, ಐದು ಉಳಿದರೆ ವೃಷಭಾಯ. ಇವು ನೆಲೆ ನಿಲ್ಲಿಸುವ ಮನೆಗಳು. ಎರಡು ಉಳಿದರೆ ಧೂಮಾಯ. ಹೊಗೆಯ ಮನೆ. ಅಲ್ಲಿ ಕೂತವರಿಗೆ ಕಣ್ಣೀರು ತಪ್ಪುವುದಿಲ್ಲ ಎಂದು ಲೆಕ್ಕ. ನನ್ನ ಅಜ್ಜ ಸುತ್ತಲ ನಾಲ್ಕು ಊರಿಗೆ ಆಯ ಹೇಳುತ್ತಿದ್ದವರು. ನಾನು ಮಾತು ಕಲಿತದ್ದೇ ಅವರ ಅಳತೆಕೋಲಿನ ಇನ್ನೊಂದು ತುದಿ ಹಿಡಿದುಕೊಂಡು. ಅವರಿಗೆ ಒಂದು ಕಟ್ಟುನಿಟ್ಟು ಇತ್ತು: ಆಯ ಹೇಳಿ ಮುಗಿಸುವ ತನಕ ಆ ಮನೆಯವರ ಕೈಯಿಂದ ಒಂದು ಗುಟುಕು ನೀರನ್ನೂ ಮುಟ್ಟುತ್ತಿರಲಿಲ್ಲ. "ಹೊಟ್ಟೆಗೆ ಅವರದ್ದು ಬಿದ್ರೆ ನಾಲಿಗೆ ಅವರ ಕಡೆ ವಾಲ್ತದೆ ಮಗ" ಎನ್ನುತ್ತಿದ್ದರು. ಉರಿಬಿಸಿಲಿನಲ್ಲಿ ಬೆವರು ಸುರಿಸುತ್ತ, ಯಜಮಾನಿ ತಂದಿಟ್ಟ ಬೆಲ್ಲ-ನೀರನ್ನು ದೂರದಿಂದಲೇ ನೋಡುತ್ತ ನಾನೂ ನಿಂತಿರುತ್ತಿದ್ದೆ.

ದುಬೈಯಲ್ಲಿ ಈ ವಿದ್ಯೆ ನನಗೆ ದೊಡ್ಡ ಮರ್ಯಾದೆ ತಂದುಕೊಟ್ಟಿತ್ತು. ಊರಿನಲ್ಲಿ ಮನೆ ಕಟ್ಟಿಸುವ ಕರಾವಳಿಯವರೆಲ್ಲ, ತುಳುವರು, ಒಮ್ಮೊಮ್ಮೆ ನಂಬಿಕೆ ಇಲ್ಲ ಎನ್ನುತ್ತಲೇ ಕೇಳುವ ಬೇರೆಯವರೂ, ನನಗೆ ಪ್ಲ್ಯಾನ್ ಕಳಿಸುತ್ತಿದ್ದರು. ಲೆಕ್ಕ ತಪ್ಪಿದ್ದಿರಬಹುದು, ಒಮ್ಮೆಯೂ ಬೇಕೆಂದು ತಪ್ಪು ಹೇಳಿರಲಿಲ್ಲ.

ಮೀಟರನ್ನು ಕೋಲಿಗೆ ಇಳಿಸಿ ಲೆಕ್ಕ ಹಾಕಿದೆ. ಐದು ಉಳಿಯಿತು. ಮತ್ತೊಮ್ಮೆ ಹಾಕಿದೆ, ಐದು. ಬಾಲ್ಕನಿಯನ್ನು ಬಿಟ್ಟು ಹಾಕಿದರೆ ಬೇರೆ ಬಂದೀತೇನೋ ಎಂದು ಮೂರನೇ ಸಲ ಹಾಕಿದೆ. ಬಾಲ್ಕನಿ ಇರಲೇ ಇಲ್ಲ ಆ ಮನೆಗೆ. ವೃಷಭಾಯ. ಆಯದ ಹೆಸರೇ ಕೇಳದ ಯಾರೋ ಸ್ಪೇನಿನ ಮೇಸ್ತ್ರಿ, ನನ್ನ ಅಜ್ಜ ಸ್ವತಃ ಕೋಲು ಹಿಡಿದು ನಿಂತಂತೆ ಮನೆ ಕಟ್ಟಿಟ್ಟಿದ್ದ! ನನ್ನ ಫ್ಲಾಟಿನ ಆಯ ಏನು ಬಂದಿತ್ತೆಂದು ಕೇಳಬೇಡಿ. ಕೊಳ್ಳುವಾಗ ನಾನೇ ಗೋಡೆಯ ದಪ್ಪ ಸೇರಿಸಿ, ಬಿಟ್ಟು, ಹೇಗೋ ಎಳೆದು ತಂದು ಸರಿ ಮಾಡಿಕೊಂಡಿದ್ದೆ.

ಫೋನು ಮಾಡಿದೆ. "ಎಂಚ ಉಂಡು?" ಎಂದು ತುಳುವಿನಲ್ಲೇ ಕೇಳಿದ ಗೆಳೆಯ, ಹೇಗಿದೆ ಎಂದು. ಆ ಧ್ವನಿಯಲ್ಲಿ ಸಂತೋಷ ಆಗಲೇ ತುಂಬಿತ್ತು. ನನ್ನ ಉತ್ತರ ಬರುವ ಮೊದಲೇ ಅವನು ಒಪ್ಪಿಗೆ ಪಡೆದವನ ಹಾಗಿದ್ದ. ಅದೇ ನನಗೆ ತಡೆಯಲಿಲ್ಲ.

"ಧೂಮಾಯ ಮಾರಾಯ," ಅಂದೆ. "ಎರಡು ಉಳೀತದೆ."

"ಹೌದಾ?" ಅಂದ. "ಸರಿ ನೋಡಿದ್ಯಾ?"

"ಮೂರು ಸಲ."

"ಖಲಾಸ್ ಹಾಗಾದ್ರೆ," ಅಂದ. "ಇವಳಿಗೆ ಹೇಳ್ತೇನೆ."

ಹೇಳಲು ನಾಚಿಕೆಯಾಗುತ್ತದೆ, ಆ ಸಂಜೆ ನಾನು ಚೆನ್ನಾಗಿ ಉಂಡೆ. ಇನ್ನೊಂದು ದೋಸೆ ಹಾಕು ಅಂದೆ. "ಎಂತ ಇವತ್ತು ಗಮ್ಮತ್ತು?" ಎಂದು ಹೆಂಡತಿ ಕೇಳಿದಳು. ಏನಿಲ್ಲ, ಹಸಿವು ಅಂದೆ. ಭಾನುವಾರವೂ ಹಗುರಾಗಿಯೇ ಇದ್ದೆ, ಕ್ಯಾಂಪಿನಲ್ಲಿ ಎರಡು ವರ್ಷದಿಂದ ಕೆಳಗಿನ ಮಂಚ ಬೇಡುತ್ತಿದ್ದವನಿಗೆ ಕೊಟ್ಟುಬಿಟ್ಟೆ. ಸೋಮವಾರ ಮತ್ತೆ ಕಂಪ್ಯೂಟರಿನಲ್ಲಿ ಆ ಓಣಿಗೆ ಹೋದೆ. ಮನೆ ಅವರದಲ್ಲ ಎಂದಾದ ಮೇಲೆ ಉರಿ ಆರಬೇಕಿತ್ತಲ್ಲ. ಆರಲಿಲ್ಲ. ಈಗ ಆ ಬೇರೆ ಗಿರಾಕಿಯ ಮೇಲೆ ಹೊಟ್ಟೆಕಿಚ್ಚಾಯಿತು.

ಮಂಗಳವಾರ ಬೆಳಿಗ್ಗೆ ಗೆಳೆಯನ ಹೆಂಡತಿ ನೈಟ್ ಡ್ಯೂಟಿ ಮುಗಿಸಿ ಬಸ್ಸಿನಲ್ಲಿ ಕೂತು ಫೋನು ಮಾಡಿದಳು. "ಅಣ್ಣ, ತೊಂದ್ರೆ ಆಯ್ತಾ? ಒಂದು ಕೇಳ್ಬೇಕಿತ್ತು. ಧೂಮಾಯಕ್ಕೆ ಎಂತಾದ್ರೂ ಪರಿಹಾರ ಉಂಟಾ? ಒಳಗೆ ಒಂದು ಸಣ್ಣ ಗೋಡೆ ಕಟ್ಟಿದ್ರೆ? ಇಲ್ಲ, ಒಂದು ಕಡೆ ಚೂರು ಕಡಿಸಿದ್ರೆ?"

ಊರಿನಲ್ಲೇ ಒಳ್ಳೆ ಜಾಗ ಸಿಗುತ್ತದಲ್ಲ ಮಾರಾಯ್ತಿ, ಅಷ್ಟು ದೂರ ಯಾಕೆ ಅಂದೆ. ಅವಳು ಬಸ್ಸಿನಲ್ಲಿ ಪಕ್ಕದವರಿಗೆ ಕೇಳಬಾರದೆಂದೋ ಏನೋ, ತಗ್ಗಿದ ಧ್ವನಿಯಲ್ಲಿ ಹೇಳಿದಳು.

"ಊರಲ್ಲಿ ಇಳಿದ ಕೂಡ್ಲೆ ಎಲ್ರೂ ಕೇಳುದು ಒಂದೇ ಅಣ್ಣ. ಮಕ್ಕಳು ಎಷ್ಟು, ಇಲ್ವಾ, ಡಾಕ್ಟ್ರಿಗೆ ತೋರಿಸಿದ್ರಾ. ಏರ್‌ಪೋರ್ಟಿನ ಟ್ಯಾಕ್ಸಿಯವ ಸಹ ಕೇಳ್ತಾನೆ. ನಂಗೆ ನಲ್ವತ್ನಾಲ್ಕು ಆಯ್ತು. ಆ ಊರಲ್ಲಿ ಹತ್ತು ದಿನ ಇದ್ದೆ. ಆ ಮನೆಯ ಅಜ್ಜಿ ನನ್ನನ್ನ ಕುರ್ಚಿಯಲ್ಲಿ ಕೂರ್ಸಿ ಕೈಸನ್ನೆಯಲ್ಲಿ ಕೇಳಿದ್ದು ಒಂದೇ. ಬೂತಾಯಿ ಹುರಿಯುದಾ, ಸುಡುದಾ ಅಂತ. ಬೇರೆ ಎಂತ ಕೇಳ್ಲಿಲ್ಲ."

ಬಸ್ಸಿನಿಂದ ಇಳಿಯುವ ಮೊದಲು ಅವಳೇ ಕೇಳಿದಳು:

"ನಿಮ್ಮ ಅಜ್ಜ ಇದ್ದಿದ್ರೆ ಎಂತಾದ್ರೂ ದಾರಿ ಹೇಳ್ತಿದ್ರಲ್ವಾ?"

"ನೋಡ್ತೇನೆ," ಅಂದೆ.

ಸುಳ್ಳನ್ನು ಬಿಚ್ಚದೆ ಮನೆಯನ್ನು ಮಾತ್ರ ಬಿಡಿಸಿಕೊಡುವ ಉಪಾಯ ನನಗೆ ತಕ್ಷಣ ಹೊಳೆಯಿತು. ಒಳಗಿನ ಅಳತೆ ಹಿಡಿದಿದ್ದೆ, ಹೊರಗಿನದು ಹಿಡಿಯಬೇಕಿತ್ತು, ಈಗ ಐದು ಬಂತು ಎಂದರಾಯಿತು. ಮರ್ಯಾದೆಯೂ ಉಳಿಯುತ್ತದೆ. ಫೋನಿನಲ್ಲೇ ಹೇಳಬಹುದಿತ್ತು, ಹೇಳಲಿಲ್ಲ. ಇನ್ನೂ ಒಂದು ದಿನ ಆ ಮನೆ ಅವರದಾಗದೆ ಇರಲಿ ಎಂಬ ಆಸೆ ಇತ್ತೋ ಏನೋ. ಇತ್ತು. ಏನೋ ಯಾಕೆ, ಇತ್ತು.

ಬುಧವಾರ ಮಧ್ಯಾಹ್ನ ಅರ್ಧ ದಿನ ರಜೆ ಹಾಕಿ ಖಲೀಫಾ ಸಿಟಿಗೆ ಹೋದೆ. ಗೆಳೆಯ ಕೆಲಸದಿಂದ ಬಂದಿರಲಿಲ್ಲ. ಅವಳು ಅಡುಗೆಮನೆಯಲ್ಲಿ ಬೂತಾಯಿ ಕತ್ತರಿಸುತ್ತಿದ್ದಳು, ಮುಚ್ಚಿದ ಕಿಟಕಿಯ ಕ್ಯಾಲೆಂಡರಿನ ಎದುರು. ಗುರುವಾರದ ಚೌಕಕ್ಕೆ ಪೆನ್ನಿನಲ್ಲಿ ಸುತ್ತು ಹಾಕಿದ್ದಳು. ಅದರ ಮೇಲೆ ಈಗ ಒಂದು ಅಡ್ಡಗೀಟು.

"ಬಿಸಿಲಲ್ಲಿ ಬಂದ್ರಿ," ಎಂದು ಕೈ ತೊಳೆದು ಒಂದು ಲೋಟ ನೀರು ತಂದಳು.

ಬಾಯಿ ಒಣಗಿತ್ತು. ಕೈ ಮುಂದೆ ಮಾಡಿದವನು ಹಿಂದೆ ತೆಗೆದೆ. ಆಯ ಹೇಳುವ ಮೊದಲು ನೀರು ಮುಟ್ಟಬಾರದು. ಅಳತೆಕೋಲಿನ ಇನ್ನೊಂದು ತುದಿಯಲ್ಲಿ ನಿಂತು ಬೆಲ್ಲ-ನೀರು ನೋಡುತ್ತಿದ್ದ ಕಾಲದ ಅಭ್ಯಾಸ ಅದು, ನಾನು ಬೇಕೆಂದು ಮಾಡಿದ್ದಲ್ಲ. ಮೊನ್ನೆ ಇದೇ ಮನೆಯಲ್ಲಿ ಹೊಟ್ಟೆ ತುಂಬ ಉಂಡು ಹೋಗಿಯೇ ಲೆಕ್ಕ ಹಾಕಿದ್ದೆನಲ್ಲ ಎಂಬುದು ಆಗ ನೆನಪಾಯಿತು. ಉಂಡ ಅನ್ನಕ್ಕೆ ನಾಲಿಗೆ ಮನೆಯವರ ಕಡೆ ವಾಲೀತು ಎಂದು ಅಜ್ಜ ಹೆದರುತ್ತಿದ್ದರು. ಉಂಡವನ ನಾಲಿಗೆ ಅವರ ವಿರುದ್ಧವೂ ವಾಲೀತೆಂದು ಅವರಿಗೆ ಅನ್ನಿಸಿಯೇ ಇರಲಿಲ್ಲ.

"ನೀರು ಆಮೇಲೆ," ಅಂದೆ. ಒಳ ಅಳತೆ, ಹೊರ ಅಳತೆ ಎಂದು ದಾರಿಯುದ್ದಕ್ಕೂ ಕಲಿತುಕೊಂಡು ಬಂದದ್ದು ನಾಲಿಗೆಯ ತುದಿಯಲ್ಲೇ ಇತ್ತು. ಅವಳು ಲೋಟ ಹಿಡಿದೇ ನಿಂತಿದ್ದಳು. "ಧೂಮಾಯ ಅಲ್ಲ ಅದು. ವೃಷಭಾಯ. ಶನಿವಾರವೇ ವೃಷಭಾಯ ಬಂದಿತ್ತು. ನಂಗೆ ತಡೀಲಿಲ್ಲ. ನಾನು ಬೇಕಂತಲೇ ಸುಳ್ಳು ಹೇಳಿದ್ದು."

ಅವಳು ಬೈಯುತ್ತಾಳೆ ಎಂದುಕೊಂಡಿದ್ದೆ. ಲೋಟವನ್ನು ಕಟ್ಟೆಯ ಮೇಲೆ ಇಟ್ಟಳು. "ನಾಲ್ಕು ದಿನದಿಂದ ಕಣ್ಣು ಮುಚ್ಚಲಿಲ್ಲ ಅಣ್ಣ ನಾನು," ಅಂದಳು ಅಷ್ಟೆ. ತಿರುಗಿ ಮೀನಿನ ತಲೆ ಕತ್ತರಿಸಿದಳು, ಇನ್ನೊಂದು, ಮತ್ತೊಂದು. ಆಮೇಲೆ ಕೈ ಒರೆಸಿಕೊಂಡು ಗಂಡನಿಗೆ ಫೋನು ಮಾಡಿ, ನನ್ನ ಎದುರಿಗೇ, ಒಂದೂ ಮಾತು ಕೂಡಿಸದೆ ಕಳೆಯದೆ, ಇದ್ದದ್ದು ಇದ್ದಹಾಗೆ ಹೇಳಿದಳು.

ಗೆಳೆಯ ಅರ್ಧ ಗಂಟೆಯಲ್ಲಿ ಬಂದ. ನನ್ನ ಮುಖ ನೋಡದೆ ನೇರ ಫೋನು ಹಚ್ಚಿದ. ಸ್ಪೇನಿನ ಏಜೆಂಟಳು ಸ್ಪೀಕರಿನಲ್ಲಿ, ಮುರುಕು ಇಂಗ್ಲಿಷಿನಲ್ಲಿ, ಬಹಳ ಪ್ರೀತಿಯಿಂದ ಮಾತಾಡಿದಳು. ಬೇಡ ಎಂದು ಭಾನುವಾರ ನೀವೇ ಹೇಳಿದಿರಲ್ಲ. ಅಜ್ಜಿ ಇವತ್ತು ಬೆಳಿಗ್ಗೆ ಬೇರೆಯವರಿಗೆ ಮಾತು ಕೊಟ್ಟಾಯಿತು. ಕಾಗದವೂ ಆಯಿತು. ಸಾರಿ, ಸಾರಿ.

ಅಡುಗೆಮನೆಯಲ್ಲಿ ಚೂರಿಯ ಸದ್ದು ನಿಂತಿತು, ಮತ್ತೆ ಶುರುವಾಯಿತು.

ಗೆಳೆಯ ಫೋನನ್ನು ಮೇಜಿನ ಮೇಲೆ ಕವುಚಿ ಇಟ್ಟ. "ಹೊಟ್ಟೆಕಿಚ್ಚು ಅಂತ ಬಾಯಿಬಿಟ್ಟು ಹೇಳ್ಬಾರ್ದಿತ್ತಾ? 'ನಂಗೆ ಉರೀತದೆ, ನೀನು ತಕೊಳ್ಬೇಡ' ಅಂತ ಹೇಳಿದ್ರೆ ನಾನು ಎರಡು ಬೈದು, ತಕೊಳ್ತಿದ್ದೆ. ಮುಗೀತಿತ್ತು."

"ತಪ್ಪಾಯ್ತು ಮಾರಾಯ."

"ನಿನ್ನ ಮಗಳು ಹುಟ್ಟಿದ ದಿನ ನಾನು ಆಸ್ಪತ್ರೆಗೆ ಬರ್ಲಿಲ್ಲ. ನೆನಪುಂಟಾ?"

ನೆನಪಿತ್ತು. ನೈಫಿನ ಕೋಣೆಯ ಉಳಿದ ಆರೂ ಜನ ಬಂದಿದ್ದರು. ಇವನು ಬಂದಿರಲಿಲ್ಲ. "ಡ್ಯೂಟಿ ಇತ್ತಲ್ವಾ ನಿಂಗೆ."

"ಎಂತ ಡ್ಯೂಟಿಯೂ ಇರ್ಲಿಲ್ಲ. ಆಸ್ಪತ್ರೆಯ ಪಾರ್ಕಿಂಗ್ ತನಕ ಬಂದಿದ್ದೆ. ಕಾರಿಂದ ಇಳೀಲಿಕ್ಕೆ ಆಗ್ಲಿಲ್ಲ. ಹಣ್ಣು ತಂದಿದ್ದೆ, ಅಲ್ಲೇ ಕೂತು ನಾನೇ ತಿಂದು ವಾಪಸು ಬಂದೆ." ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದ. "ನಂಗೂ ಗೊತ್ತುಂಟು ಅದು ಹೇಗೆ ಉರೀತದೆ ಅಂತ. ಆದ್ರೆ ನಾನು ನಿನ್ನ ಮಗಳ ಹತ್ರ ಎಂತ ಕಸಿದುಕೊಳ್ಲಿಲ್ಲ."

ಎದ್ದು ಹೊರಟೆ. ಬಾಗಿಲ ಹತ್ತಿರ ಅವಳು ಅದೇ ಲೋಟ ಹಿಡಿದು ಬಂದಳು. "ಹೇಳಿ ಆಯ್ತಲ್ಲ ಅಣ್ಣ. ಈಗ ಕುಡಿಬಹುದು." ನಿಂತುಕೊಂಡೇ ಕುಡಿದೆ. ಬೆಚ್ಚಗಾಗಿತ್ತು. ಹಾಗೆ ಹೇಳಿದ್ದು ಕ್ಷಮೆಯೋ ಕುಟುಕೋ ನನಗೆ ಇವತ್ತಿಗೂ ತಿಳಿದಿಲ್ಲ.

ನನ್ನ ಹೆಂಡತಿಗೆ ಆ ಸಂಜೆಯೇ ಎಲ್ಲ ಹೇಳಿದೆ. ಎರಡು ದಿನ ನನ್ನ ಬಟ್ಟಲನ್ನು ಮೇಜಿನ ಮೇಲೆ ಇಟ್ಟು ಬೇರೆ ಕೋಣೆಗೆ ಹೋದಳು. ನಾಲ್ಕು ಶುಕ್ರವಾರ ಖಲೀಫಾ ಸಿಟಿಯಿಂದ ಕರೆ ಬರಲಿಲ್ಲ. ಐದನೆಯದಕ್ಕೆ ಗೆಳೆಯನ ಫೋನು: "ಬಂಗುಡೆ ತಂದಿದ್ದೇನೆ. ಬರ್ತೀಯಾ, ಇಲ್ಲ ಹೊಟ್ಟೆ ಸರಿ ಇಲ್ವಾ?" ಹೋದೆವು. ಅವನು ಈಗಲೂ ನನ್ನನ್ನು ಹೊಸಬರಿಗೆ ಪರಿಚಯಿಸುವಾಗ "ಇವ ಆಯ ಭಾರೀ ಚಂದ ಹೇಳ್ತಾನೆ" ಎನ್ನುತ್ತಾನೆ. ಎಲ್ಲರೂ ಹೌದೇ ಎನ್ನುತ್ತಾರೆ. ನಾನು ಚಪ್ಪಲಿ ನೋಡುತ್ತೇನೆ. ಅಲ್ಲಿಂದೀಚೆಗೆ ಯಾರು ಪ್ಲ್ಯಾನ್ ಕಳಿಸಿದರೂ ಕಣ್ಣು ಮಂಜಾಗಿದೆ, ಬೇರೆಯವರನ್ನು ಕೇಳಿ ಎಂದುಬಿಡುತ್ತೇನೆ.

ಮರುವರ್ಷ ಅದೇ ಓಣಿಯಲ್ಲಿ, ಅದೇ ಕಟ್ಟಡದ ಮೊದಲ ಮಾಳಿಗೆ ಮಾರಾಟಕ್ಕೆ ಬಂತು. ಬೇಸಿಗೆ ರಜೆಯಲ್ಲಿ ಇಬ್ಬರೂ ಹೋಗಿ ಕೊಂಡರು. ಅದರ ಅಡುಗೆಮನೆಯ ಕಿಟಕಿ ಬಂದರಿನ ಕಡೆಗಿಲ್ಲ, ಓಣಿಗೆ ತೆರೆಯುತ್ತದೆ. ಹಾಲು ಉಕ್ಕಿಸಿದ ಫೋಟೋ ಕಳಿಸಿದಳು. ಕರೆಂಟಿನ ಒಲೆಯ ಮೇಲೆ ಸಣ್ಣ ಪಾತ್ರೆ, ಪಕ್ಕದಲ್ಲಿ ಎಲ್ಲಿಂದಲೋ ಹುಡುಕಿ ತಂದ ಒಂದು ತೆಂಗಿನಕಾಯಿ.

ನಾನು ಮೆಸೇಜು ಹಾಕಿದೆ: ಪ್ಲ್ಯಾನ್ ಕಳಿಸು, ಆಯ ನೋಡ್ತೇನೆ.

ಉತ್ತರ ಧ್ವನಿಯಲ್ಲಿ ಬಂತು. ಹಿಂದೆ ಹೆಂಗಸರ ಗಲಗಲ, ಕುರ್ಚಿ ಎಳೆಯುವ ಸದ್ದು. "ಬೇಡ ಅಣ್ಣ. ನಾವೇ ಒಳಗೆ ನಿಂತು ನೋಡಿದ್ದೇವೆ. ಸಾಕು. ನೀವು ಯಾವಾಗ ಬರುದು ಹೇಳಿ. ಬರುವಾಗ ಕುಚ್ಚಲಕ್ಕಿ ತನ್ನಿ." ಆಮೇಲೆ ಒಂದು ಫೋಟೋ. ಓಣಿಯಲ್ಲಿ ಐದು ಪ್ಲಾಸ್ಟಿಕ್ ಕುರ್ಚಿಗಳು, ನಾಲ್ಕರಲ್ಲಿ ದಪ್ಪ ಮುದುಕಿಯರು, ಐದನೆಯದರಲ್ಲಿ ಅವಳು. ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಬಾಯಿ ತೆರೆದು ನಗುತ್ತಿದ್ದಳು. ಹದಿನಾಲ್ಕು ವರ್ಷ ಶುಕ್ರವಾರ ಶುಕ್ರವಾರ ಉಂಡುಬಂದ ಮನೆಯಲ್ಲಿ ಆ ನಗುವನ್ನು ನಾನು ನೋಡಿರಲಿಲ್ಲ. ಚುರ್ ಅಂದಿತು. ಈ ಸಲ ಊಟದ ಹೊತ್ತೂ ಅಲ್ಲ, ಖಾರದ ನೆಪವೂ ಇರಲಿಲ್ಲ.

ಮೂರನೇ ಮಾಳಿಗೆ ಕೊಂಡವರು ವರ್ಷಕ್ಕೆ ಎರಡು ವಾರ ಬರುತ್ತಾರಂತೆ. "ಮೇಲಿನ ಕಿಟಕಿ ಯಾವಾಗ್ಲೂ ಮುಚ್ಚಿಯೇ ಇರ್ತದೆ ಅಣ್ಣ" ಎಂದು ಇನ್ನೊಮ್ಮೆ ಮಾತಿಗೆ ಮಾತು ಬಂದಾಗ ಹೇಳಿದಳು. ಕ್ಯಾಂಪಿನ ಕಂಪ್ಯೂಟರಿನಲ್ಲಿ ಮಾತ್ರ ಅದು ಬಹಳ ಕಾಲ ತೆರೆದೇ ಇತ್ತು. ಅದರ ಚಿತ್ರ ಹಳೆಯದು, ಯಾರೂ ಬದಲಾಯಿಸಿರಲಿಲ್ಲ. ಟ್ಯಾಂಕರಿಗೆ ಕಾಯುವಾಗ ಒಮ್ಮೊಮ್ಮೆ ಆ ಓಣಿಗೆ ಹೋಗಿ, ಬ್ರೆಡ್ಡಿನ ಮುದುಕನನ್ನೂ ಕುಂಟುನಾಯಿಯನ್ನೂ ದಾಟಿ, ಅರ್ಧ ತೆರೆದ ಆ ಹಸಿರು ಕಿಟಕಿಯ ಕೆಳಗೆ ನಿಲ್ಲುತ್ತಿದ್ದೆ. ವೃಷಭಾಯದ ಮನೆ. ಅದನ್ನು ಕೊಂಡವರಿಗೂ ಅದು ಗೊತ್ತಿರಲಿಲ್ಲ.